ನೀರು ನೋಡುವ ನಾಲಗೆ

ಕೆಳಬೈಲಿನವರಿಗೆ ಕುಷ್ಟನ ನಾಲಗೆಯ ಮೇಲಿದ್ದ ಭಯಭಕ್ತಿ ಊರ ದೈವದ ಮೇಲೂ ಇರಲಿಲ್ಲ. ದೈವ ಮುನಿದರೆ ಒಂದು ಕೋಳಿಯಲ್ಲಿ ಮುಗಿಯುತ್ತದೆ. ಕುಷ್ಟನ ನಾಲಗೆ ತಪ್ಪಿದರೆ ಐವತ್ತು ಮನೆಯ ಬಾವಿ ಉಪ್ಪಾಗುತ್ತದೆ, ಅದಕ್ಕೆ ಎಷ್ಟು ಕೋಳಿಯೂ ಸಾಲುವುದಿಲ್ಲ. ಹಾಗಾಗಿ ಅರವತ್ತೆರಡು ವರ್ಷದ, ಒಣಕಲು ಮೈಯ, ಹೆಗಲ ಮೇಲಿನ ಬೈರಾಸನ್ನು ಮಲಗುವಾಗಲೂ ತೆಗೆಯದ ಈ ಮನುಷ್ಯ ವರ್ಷವಿಡೀ ಬರೀ ಕುಷ್ಟ. ಡಿಸೆಂಬರಿನ ಒಂದು ದಿನ ಮಾತ್ರ ಕುಷ್ಟಣ್ಣ.

ಸಂಗತಿ ಇಷ್ಟೆ. ಕೆರಾಡಿ ಕಡೆಯ ಕಾಡಿನಿಂದ ಇಳಿದ ಹೊಳೆ ಕೆಳಬೈಲನ್ನು ಹಾದು ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಹೊಳೆಯದೇ ದರ್ಬಾರು. ಮಳೆ ನಿಂತು ಹೊಳೆ ಸೊರಗಿತೋ, ಕಡಲು ದಿನಕ್ಕೆರಡು ಸಲ ಭರತದ ಜೊತೆ ಮೇಲೇರಿ ಬರುತ್ತದೆ, ಕರೆಯದ ನೆಂಟನ ಹಾಗೆ. ಆ ಉಪ್ಪುನೀರನ್ನು ತಡೆಯಲು ಕೆಳಬೈಲಿನಲ್ಲಿ ಹನ್ನೊಂದು ಕಿಂಡಿಯ ಒಂದು ಅಣೆಕಟ್ಟು ಇದೆ. ಊರವರ ಬಾಯಲ್ಲಿ ಅದು ಬರೀ ಕಟ್ಟ. ವರ್ಷವರ್ಷವೂ ಡಿಸೆಂಬರಿನಲ್ಲಿ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಕೆಂಪುಮಣ್ಣು ತುಂಬಿ ಮೆಟ್ಟುತ್ತಾರೆ. ಮಳೆಗಾಲದ ಮೊದಲು ತೆಗೆಯುತ್ತಾರೆ. ಅಜ್ಜಂದಿರ ಕಾಲದಲ್ಲಿ ಅದು ಮಣ್ಣು ಸೊಪ್ಪಿನ ಕಟ್ಟವಾಗಿತ್ತು, ಈಗ ಸಿಮೆಂಟಿನದು. ಕಟ್ಟ ಬದಲಾಯಿತು, ಜಗಳ ಮಾತ್ರ ಅಜ್ಜಂದಿರದ್ದೇ ಉಳಿಯಿತು.

ಕಟ್ಟದ ಮೇಲಿನವರು ಗದ್ದೆಯವರು. ಹಲಗೆ ಬೇಗ ಹಾಕಿ, ನೆಲಗಡಲೆಗೆ ನೀರು ಬೇಕು ಅನ್ನುತ್ತಾರೆ. ಕೆಳಗಿನವರು ಮೀನು ಹಿಡಿಯುವವರು, ಹೊಳೆಯಲ್ಲಿ ಚಿಪ್ಪುಮೀನು ಹೆಕ್ಕುವವರು. ಹಲಗೆ ಬಿದ್ದ ಕೂಡಲೇ ನಮ್ಮ ಕಡೆ ಉಪ್ಪಿಲ್ಲದ ಚಪ್ಪೆ ನೀರು ಬರುವುದು ನಿಲ್ಲುತ್ತದೆ, ಚಿಪ್ಪು ಸಾಯುತ್ತದೆ, ಆದಷ್ಟು ತಡವಾಗಿ ಹಾಕಿ ಅನ್ನುತ್ತಾರೆ. ಇಬ್ಬರು ಹೇಳುವುದೂ ಸರಿ, ತಾಪತ್ರಯ ಇರುವುದೇ ಅಲ್ಲಿ. ಒಬ್ಬರದ್ದಾದರೂ ಸುಳ್ಳಾಗಿದ್ದರೆ ಜಗಳ ಯಾವತ್ತೋ ಮುಗಿಯುತ್ತಿತ್ತು.

ಇದಕ್ಕೆ ಹಿಂದಿನವರು ಹುಡುಕಿದ ಉಪಾಯವೇ ನೀರು ನೋಡುವುದು. ಇಲ್ಲಿ ನೋಡುವುದೆಂದರೆ ಕಣ್ಣಿನಿಂದಲ್ಲ. ಹಲಗೆ ಹಾಕುವ ದಿನ ಇಳಿತ ಮುಗಿಯುವ ಹೊತ್ತಿಗೆ ಒಬ್ಬ ಮನುಷ್ಯ ಕಟ್ಟದ ಮೇಲ್ಬದಿಯ ಮೆಟ್ಟಿಲಿಳಿದು ಹೊಳೆಯ ನೀರನ್ನು ಬಾಯಿಗೆ ಹಾಕಿಕೊಳ್ಳಬೇಕು. ಚಪ್ಪೆ ಅಂದರೆ ಹಲಗೆ ಇಳಿಯಿತು. ಇಲ್ಲವೆಂದರೆ ಎಲ್ಲರೂ ಮನೆಗೆ. ನೀರಿನಲ್ಲಿ ಉಪ್ಪಿರುವಾಗ ಹಲಗೆ ಹಾಕಿದರೆ ಕಳ್ಳನನ್ನು ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಆ ಉಪ್ಪು ಮಳೆಗಾಲದವರೆಗೂ ಅಲ್ಲೇ ಕೂತು ಗದ್ದೆಗೂ ಬಾವಿಗೂ ಇಳಿಯುತ್ತದೆ, ಮೆಟ್ಟಿದ ಮಣ್ಣನ್ನು ಮತ್ತೆ ತೆಗೆಯುವುದು ಹದಿನೈದಾಳು ಹದಿನೈದು ದಿನ ಮಾಡಿದರೂ ಮುಗಿಯದ ಕೆಲಸ.

ಈ ಕೆಲಸ ಕುಷ್ಟನ ಮನೆಗೆ ಬಂದದ್ದು ಅವರ ನಾಲಗೆ ಚಿನ್ನದ್ದು ಅಂತ ಅಲ್ಲ. ಕಟ್ಟಕ್ಕೆ ಎಲ್ಲಕ್ಕಿಂತ ಹತ್ತಿರ ಇರುವ ಬಾವಿ ಅವರದ್ದು. ನೀರು ನೋಡಿದವ ಸುಳ್ಳು ಹೇಳಿದರೆ ಮೊದಲು ಉಪ್ಪಾಗುವುದು ಅವನ ಬಾವಿಯೇ. ಮನುಷ್ಯನ ಸತ್ಯವನ್ನು ನಂಬುವುದಕ್ಕಿಂತ ಅವನ ಬಾಯಾರಿಕೆಯನ್ನು ನಂಬುವುದು ಲೇಸು ಅಂತ ಹಿಂದಿನವರಿಗೆ ಗೊತ್ತಿತ್ತು. ಆದರೆ ಕುಷ್ಟನಿಗೆ ಬರುವ ಹೊತ್ತಿಗೆ ಬಾವಿಯ ಮಾತು ಮರೆತುಹೋಗಿ ನಾಲಗೆಯ ಕತೆ ಮಾತ್ರ ಉಳಿದಿತ್ತು. ಅವನೂ ಅದನ್ನು ಬೆಳೆಸಿದ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತು ಸಾರಿಗೆ ಬೆರಳದ್ದಿ, ಕಣ್ಣು ಮುಚ್ಚಿ, ನಾಲ್ಕು ಕಲ್ಲು ಉಪ್ಪು ಕಡಿಮೆ ಅನ್ನುತ್ತಿದ್ದ. ಅಡುಗೆ ಭಟ್ಟರು ಅವನನ್ನು ಕಂಡರೆ ಹಿಂದಿನ ಬಾಗಿಲಿಂದ ಓಡಾಡುತ್ತಿದ್ದರು.

ಈ ಮೊದಲು ನೀರಾವರಿ ಇಲಾಖೆಯವರು ಕಟ್ಟ ನೋಡಿಕೊಳ್ಳುವ ಹೊಳೆ ಸಮಿತಿಗೊಂದು ಉಪ್ಪು ಅಳೆಯುವ ಮೀಟರ್ ಕೊಟ್ಟಿದ್ದರು. ಸಮಿತಿಯ ಅಧ್ಯಕ್ಷ ರವಿಚಂದ್ರ ಅದನ್ನು ಮನೆಯ ಕಪಾಟಿನಲ್ಲಿ ಜೋಪಾನ ಮಾಡಿ, ಆಯುಧ ಪೂಜೆಯ ದಿನ ಹೊರಗೆ ತೆಗೆದು, ಗಂಧ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ನೀರು ಚಿಮುಕಿಸಿದ. ಅಂದಿನಿಂದ ಅದು ಕಡಲನ್ನೂ ಸಿಹಿ ಎಂದೇ ತೋರಿಸತೊಡಗಿತು. ದೇವರ ಕೃಪೆ ಅಂದರೆ ಹೀಗಿರಬೇಕು. ಮೀಟರ್ ಸತ್ತ ಸುದ್ದಿಗೆ ಊರಲ್ಲಿ ಖುಷಿಪಟ್ಟವನು ಕುಷ್ಟ ಒಬ್ಬನೇ. ಆ ಖುಷಿ ಒಂದು ಮಳೆಗಾಲವೂ ಬಾಳಲಿಲ್ಲ.

ಎರಡೂವರೆ ವರ್ಷದ ಹಿಂದೆ ಊರಿಗೆಲ್ಲ ಬಂದ ಜ್ವರ ಕುಷ್ಟನಿಗೂ ಬಂತು. ಬಂದದ್ದು ಹೋಯಿತು, ಹೋಗುವಾಗ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಮೊದಲು ನಾಳೆ ಬರುತ್ತದೆ ಅಂದುಕೊಂಡ, ಆಮೇಲೆ ಸಂಕ್ರಾಂತಿಗೆ ಬರುತ್ತದೆ ಅಂದುಕೊಂಡ. ಯಾರಿಗೂ ಹೇಳದೆ ಕುಂಭಾಶಿಗೆ ಹೋಗಿ ಆನೆಗುಡ್ಡೆ ಗಣಪನಿಗೆ ಪಂಚಕಜ್ಜಾಯ ಮಾಡಿಸಿದ. ಕೈಗೆ ಕೊಟ್ಟ ಪ್ರಸಾದವನ್ನು ಆಸೆಯಿಂದ ಬಾಯಿಗೆ ಹಾಕಿಕೊಂಡರೆ ಮರಳು ಜಗಿದ ಹಾಗಾಯಿತು. ಗಣಪನ ಮುಂದೆ ಮುಂಬಯಿಯ ಭಕ್ತರ ಸಾಲು ದೊಡ್ಡದಿತ್ತು, ಕೆಳಬೈಲಿನ ಅರ್ಜಿ ಅಡಿಗೆ ಬಿದ್ದಿರಬೇಕು ಅಂತ ಸಮಾಧಾನ ಮಾಡಿಕೊಂಡು ಬಸ್ಸು ಹತ್ತಿದ.

ನಗೆಯಾಡುವ ವಿಷಯ ಅಲ್ಲ ಇದು. ಮೀನಿನ ಪದಾರ್ಥದ ವಾಸನೆಗೆ ಅರ್ಧ ಗದ್ದೆಯಿಂದ ಓಡಿ ಬರುತ್ತಿದ್ದವನಿಗೆ ಈಗ ಬಂಗುಡೆಯೂ ಒಂದೇ, ಬಾಳೆದಿಂಡೂ ಒಂದೇ. ಹೊಸ ಅಕ್ಕಿಯ ಅನ್ನ ಬಾಯಲ್ಲಿಟ್ಟಾಗ ಕಣ್ಣಲ್ಲಿ ನೀರು ಬಂತು. ಆ ನೀರು ತುಟಿಗೆ ಇಳಿಯಿತು, ಅದರ ಉಪ್ಪೂ ತಿಳಿಯಲಿಲ್ಲ. ಇದನ್ನು ಯಾರಿಗಾದರೂ ಹೇಳಬೇಕಿತ್ತು. ಹೇಳಿದರೆ ಕುಷ್ಟಣ್ಣ ಸತ್ತು ಬರೀ ಕುಷ್ಟ ಉಳಿಯುತ್ತಾನೆ ಎಂಬ ಹೆದರಿಕೆಯಲ್ಲಿ ಹೆಂಡತಿಗೂ ಹೇಳಲಿಲ್ಲ.

ಹೆಂಡತಿ ಸುಂದರಿಗೆ ಆ ಹೊತ್ತಿಗೆ ಬಿಪಿ ಬಂದು ಡಾಕ್ಟರು ಉಪ್ಪು ಬಿಡಿಸಿದ್ದರು. ತಾನು ತಿನ್ನದ ಮೀನನ್ನು ಅವನಿಗೆಂದು ಬೇಯಿಸಿದರೂ, ಉಪ್ಪಿಗಾಗಿ ಎರಡೆರಡು ಅಡುಗೆ ಮಾಡುವ ಹೆಣ್ಣು ಅವಳಲ್ಲ. ಕುಷ್ಟನ ಬಟ್ಟಲಿಗೂ ಅದೇ ಗಂಜಿ, ಅದೇ ಸಾರು ಬಿತ್ತು. ಹೇಗಿದೆ ಅಂತ ಕೇಳಿದರೆ ಕುಷ್ಟ ಎಂದಿನಂತೆ ಕಣ್ಣು ಮುಚ್ಚಿ, ತಲೆದೂಗಿ, ಫಸ್ಟ್ ಕ್ಲಾಸ್ ಅನ್ನುತ್ತಿದ್ದ. ಸುಂದರಿ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಮೊದಲ ವರ್ಷ ಡಿಸೆಂಬರ್ ಬಂದಾಗ ಅವನನ್ನು ಕಾಪಾಡಿದ್ದು ಕಾಳಿ, ಅವರ ಮನೆಯ ಎಮ್ಮೆ. ಎಮ್ಮೆಗೆ ಉಪ್ಪುನೀರು ಆಗುವುದಿಲ್ಲ. ಕುಷ್ಟ ಹದಿನೈದು ದಿನ ಮೊದಲೇ ಅದನ್ನು ಬೆಳಗ್ಗೆ ಮೈ ತೊಳೆಸುವ ನೆಪದಲ್ಲಿ ಕಟ್ಟದ ಮೇಲ್ಬದಿಗೆ ಹೊಡೆದುಕೊಂಡು ಹೋಗುತ್ತಿದ್ದ. ಕಾಳಿ ಮೂಸಿ ಮುಖ ತಿರುಗಿಸಿದರೆ ಉಪ್ಪು. ಮೂತಿ ಅದ್ದಿ ಸೊರಸೊರ ಕುಡಿದರೆ ಚಪ್ಪೆ. ಅದು ಕುಡಿಯುವ ತನಕ ದಂಡೆಯಲ್ಲಿ ಕೂತು ಕುಷ್ಟ ತನ್ನ ಕಷ್ಟವನ್ನೆಲ್ಲ ಅದರ ಹತ್ತಿರ ಹೇಳಿಕೊಳ್ಳುತ್ತಿದ್ದ. ಎಮ್ಮೆಗೆ ಹೇಳಿದ ಮಾತು ಎಮ್ಮೆಯಲ್ಲೇ ಉಳಿಯುತ್ತದೆ, ಅದು ಹೊಳೆ ಸಮಿತಿಯ ಸದಸ್ಯ ಅಲ್ಲವಲ್ಲ.

ಹಾಗೆ ಎರಡು ವರ್ಷ ಕೆಳಬೈಲಿನ ಐವತ್ತು ಮನೆ, ನೂರಿಪ್ಪತ್ತು ಎಕರೆ, ಕೆಳಹೊಳೆಯ ಚಿಪ್ಪು, ಮೀನು ಎಲ್ಲವೂ ಒಂದು ಎಮ್ಮೆಯ ಬಾಯಿಯ ಮೇಲೆ ನಿಂತಿತು. ಚೆನ್ನಾಗಿಯೇ ನಿಂತಿತು. ಒಂದು ಬಾವಿಯೂ ಕೆಡಲಿಲ್ಲ. ಕಳೆದ ವರ್ಷವಂತೂ ಸಮಿತಿಯವರು ಕುಷ್ಟನಿಗೆ ಶಾಲು ಹೊದೆಸಿ ಸನ್ಮಾನ ಮಾಡಿದರು. ಮನೆಗೆ ಬಂದವನು ಎಮ್ಮೆಯ ಹಟ್ಟಿಯ ಮುಂದೆ ನಿಂತ. ನ್ಯಾಯವಾಗಿ ಆ ಶಾಲು ಯಾರದ್ದು ಅಂತ ಅವನಿಗೆ ಗೊತ್ತಿತ್ತು, ಆದರೆ ಎಮ್ಮೆಗೆ ಶಾಲು ಹೊದೆಸಿದರೆ ಊರವರು ಕಾರಣ ಕೇಳುತ್ತಾರೆ.

ಈ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಸುಂದರಿ ಕಾಳಿಯನ್ನು ಬೈಂದೂರಿನವನೊಬ್ಬನಿಗೆ ಮಾರಿಬಿಟ್ಟಳು. ಮಂಡಿ ನೋವು, ಹಟ್ಟಿ ಕೆಲಸ ಇನ್ನು ತನ್ನಿಂದಾಗದು ಅಂದಳು. ಕುಷ್ಟ ಮೂರು ದಿನ ಮಾತು ಬಿಟ್ಟ. ಎಮ್ಮೆ ಇಲ್ಲದೆ ನಾನು ಹೇಗೆ ಬದುಕಲಿ ಅಂತ ಬಾಯಿ ಬಿಟ್ಟು ಕೇಳುವ ಹಾಗಿಲ್ಲ. ಹಾಗೆ ಕೇಳುವ ಗಂಡನನ್ನು ಯಾವ ಹೆಂಡತಿಯೂ ಸಹಿಸಲಾರಳು.

ಡಿಸೆಂಬರ್ ಬಂತು. ಕುಷ್ಟ ಬೇರೆ ದಾರಿ ಹುಡುಕಿದ. ಆಚೆಮನೆಯ ಆಡನ್ನು ಹೊಳೆಗೆ ಎಳೆದುಕೊಂಡು ಹೋದರೆ ಅದು ನೀರು ಬಿಟ್ಟು ಅವನ ಬೈರಾಸು ತಿಂದಿತು. ಗಾಯಕ್ಕೆ ಉಪ್ಪು ಉರಿಯುತ್ತದೆ ಅಂತ ನೆನಪಾಗಿ ಹೊಳೆಯ ನೀರನ್ನು ಕಣ್ಣಿಗೆ ಬಿಟ್ಟುಕೊಂಡ. ಉರಿದದ್ದೇನೋ ಹೌದು, ಮನೆಯ ಬಾವಿಯ ನೀರು ಬಿಟ್ಟುಕೊಂಡರೂ ಅಷ್ಟೇ ಉರಿಯಿತು. ಕೆಂಪು ಕಣ್ಣು ಹೊತ್ತು ಒಳಗೆ ಬಂದವನನ್ನು ಸುಂದರಿ ಮೂಸಿ ನೋಡಿ, ಬೆಳಗ್ಗೆ ಬೆಳಗ್ಗೆಯೇ ಶುರುವಾಯಿತಾ ಅಂತ ಕೇಳಿದಳು.

ಇತ್ತ ರವಿಚಂದ್ರನಿಗೆ ಅವಸರ. ಅವನು ಮುಂಬಯಿಯಲ್ಲಿ ಇಪ್ಪತ್ತು ವರ್ಷ ಹೋಟೆಲು ನಡೆಸಿ ಬಂದವ. ಯಾವ ಕೆಲಸವೂ ಬ್ಯಾನರ್ ಇಲ್ಲದೆ ಆಗುವುದಿಲ್ಲ ಎಂಬ ಜ್ಞಾನ ಅಲ್ಲಿಂದ ತಂದಿದ್ದ. ಈ ಸಲ ಮೊದಲ ಹಲಗೆ ಹಾಕಲು ಒಬ್ಬ ದೊಡ್ಡ ಅತಿಥಿಯನ್ನು ಕರೆಸಿ, ಅವರಿಗೆ ಬಿಡುವಿದ್ದ ಭಾನುವಾರವನ್ನೇ ಗಟ್ಟಿ ಮಾಡಿ, ಕಾರ್ಡು ಹೊಡೆಸಿ ಹಂಚಿದ. ಆ ಭಾನುವಾರ ಅಮಾವಾಸ್ಯೆ ಕಳೆದು ಎರಡನೇ ದಿನ. ಅಮಾವಾಸ್ಯೆಯ ಭರತಕ್ಕೆ ಕಡಲು ಎಲ್ಲಿಯವರೆಗೆ ಬರುತ್ತದೆ ಅಂತ ಹೊಳೆಗೆ ಗೊತ್ತು, ಬ್ಯಾನರಿಗೆ ಗೊತ್ತಿಲ್ಲ.

ಸಮಿತಿಯಲ್ಲಿ ಇದಕ್ಕೆ ಎದುರು ಮಾತಾಡಿದವಳು ಜಲಜ. ಕೆಳಹೊಳೆಯವಳು, ಗಂಗೊಳ್ಳಿಯಿಂದ ಮೀನು ತಂದು ಮನೆಮನೆಗೆ ಮಾರುವವಳು, ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಲ್ಲಿ ನಿಂತು ಚಿಪ್ಪು ಹೆಕ್ಕುವವಳು. ಅತಿಥಿಯ ಬಿಡುವು ನೋಡಿ ಹಲಗೆ ಹಾಕುವುದಾದರೆ ಅತಿಥಿಯ ಮನೆಯ ಬಚ್ಚಲಿಗೇ ಹಾಕಿ ಅಂದಳು. ರವಿಚಂದ್ರ, ಎಲ್ಲ ಕುಷ್ಟಣ್ಣನ ನಾಲಗೆ ಹೇಳಿದ ಹಾಗೆ, ನಮ್ಮದೇನಿಲ್ಲ ಅಂತ ಜಾರಿಕೊಂಡ. ಮೂಲೆಯಲ್ಲಿ ಕೂತಿದ್ದ ಕುಷ್ಟನಿಗೆ ಕೂತಲ್ಲೇ ಬೆವರಿತು.

ಭಾನುವಾರ ಬೆಳಗ್ಗೆ ಕಟ್ಟದ ಬುಡದಲ್ಲಿ ಶಾಮಿಯಾನ, ಮೈಕು, ಅವಲಕ್ಕಿ, ಚಾ. ಅತಿಥಿಗಳು ಬಿಳಿ ಬಟ್ಟೆಯಲ್ಲಿ ಬಂದು ಕುರ್ಚಿಯಲ್ಲಿ ಕೂತರು. ಗದ್ದೆಯವರು ಮೇಲಿನ ದಂಡೆಯಲ್ಲಿ, ಮೀನಿನವರು ಕೆಳಗಿನ ದಂಡೆಯಲ್ಲಿ, ತಾಳಮದ್ದಳೆಯ ಎರಡು ಪಕ್ಷದ ಹಾಗೆ. ಹಲಗೆಗಳು ಗೋಡೆಗೊರಗಿ ತಯಾರಾಗಿದ್ದವು. ಕುಷ್ಟ ಮಿಂದು, ಖಾಲಿ ಹೊಟ್ಟೆಯಲ್ಲಿ ಮೆಟ್ಟಿಲಿಳಿದ. ಅವನ ಹಿಂದೆ ಸುಂದರಿ ತಾಮ್ರದ ಚೊಂಬಿನಲ್ಲಿ ಮನೆಯ ಬಾವಿಯ ನೀರು ಹಿಡಿದುಕೊಂಡು ಇಳಿದಳು. ನೀರು ನೋಡಿದ ಮೇಲೆ ಬಾಯಿ ಮುಕ್ಕಳಿಸಲು ಮನೆಯ ಹೆಂಗಸು ನೀರು ಕೊಡಬೇಕು ಅಂತ ಕ್ರಮ.

ಮೂರು ಬೊಗಸೆ ನೀರು ಅವನ ಲೆಕ್ಕ. ಒಂದು ಮುಕ್ಕಳಿಸಲು, ಒಂದು ಉಗುಳಲು, ಒಂದು ನುಂಗಲು. ಮೊದಲನೆಯದು ಬಾಯಿಗೆ ಹೋಯಿತು. ತಣ್ಣಗಿತ್ತು. ಎರಡನೆಯದೂ ತಣ್ಣಗಿತ್ತು. ಮೂರನೆಯದನ್ನು ನುಂಗಿ ಕಣ್ಣು ಮುಚ್ಚಿದ. ಮುನ್ನೂರು ಜನ ಕತ್ತು ಚಾಚಿದರು. ಎರಡು ಮೆಟ್ಟಿಲು ಮೇಲೆ ನಿಂತಿದ್ದ ರವಿಚಂದ್ರ ಬಗ್ಗಿ ಪಿಸುಗುಟ್ಟಿದ.

“ಕುಷ್ಟಣ್ಣ, ಟೆನ್ಶನ್ ಮತ್ ಲೇವ್, ತಲೆಬಿಸಿ ಬ್ಯಾಡ. ಚಪ್ಪೆ ಅಂದೇಳಿ ಹೇಳಿ ಬಿಡಿ. ಬಾಕಿದ್ದ್ ನಾ ಕಾಣ್ಕಂತೆ.”

ಹೇಳಿಬಿಡಬಹುದಿತ್ತು. ಇರಲೂಬಹುದು, ಚಪ್ಪೆಯೇ ಇರಬಹುದು. ಎರಡಕ್ಷರ ಅಂದರೆ ಮೈಕು, ಚಪ್ಪಾಳೆ, ಈ ವರ್ಷವೂ ಶಾಲು. ಆ ಮಾತು ತುಟಿಯವರೆಗೆ ಬಂದಿತ್ತು, ಅಷ್ಟರಲ್ಲಿ ಸುಂದರಿ ಚೊಂಬು ಮುಂದೆ ಚಾಚಿದಳು. ಅಜ್ಜ ಅಗೆದ ಬಾವಿಯ ನೀರು. ಮುಂದಿನ ಬೇಸಿಗೆ ಈ ಹೆಂಗಸು ಇದೇ ಚೊಂಬು ಹಿಡಿದುಕೊಂಡು ಮಂಡಿ ನೋವಿನಲ್ಲಿ ಎಲ್ಲಿಯ ಟ್ಯಾಂಕರಿನ ಹಿಂದೆ ಹೋಗಬೇಕು ಅನ್ನುವುದು ಕುಷ್ಟನ ಕಣ್ಣಿಗೆ ಕಟ್ಟಿತು. ಡಾಕ್ಟರು ಬಿಡಿಸಿದ ಉಪ್ಪನ್ನು ನಾನೇ ಅವಳ ಬಾವಿಗೆ ಹಾಕಿಕೊಟ್ಟ ಹಾಗಾಗುತ್ತದೆ. ನಾಚಿಕೆ ಒಂದು ಕಡೆ, ಹೆದರಿಕೆ ಒಂದು ಕಡೆ ಎಳೆದು, ಕೊನೆಗೆ ಹೆದರಿಕೆ ಗೆದ್ದಿತು. ಎಷ್ಟೋ ಸತ್ಯ ಹೊರಬರುವುದು ಹಾಗೆಯೇ.

“ನಂಗೆ ಗೊತ್ತಾತಿಲ್ಲ,” ಅಂದ ಕುಷ್ಟ. ಯಾರಿಗೂ ಅರ್ಥವಾಗದೆ ಇದ್ದಾಗ ಮೇಲೆ ತಿರುಗಿ ಗಟ್ಟಿಯಾಗಿ ಹೇಳಿದ. “ನೀರ್ ಉಪ್ಪೋ ಚಪ್ಪೆಯೋ ನಂಗೆ ಗೊತ್ತಾತಿಲ್ಲ. ನನ್ ನಾಲ್ಗಿ ಸತ್ತ್ ಹೋಯಿ ಎರಡೂವರಿ ವರ್ಷ ಆಯ್ತ್.”

ಮೈಕಿನವನು ಗಾಬರಿಯಲ್ಲಿ ಹಾಡು ಹಾಕಿದ. ಯಾರೋ ಬೈದು ನಿಲ್ಲಿಸಿದರು. ಗದ್ದೆಯವರ ಹಿರಿಯ ಶೀನ ದಂಡೆಯ ತುದಿಗೆ ಬಂದು ನಿಂತ. ಊರಲ್ಲಿ ಅತಿ ಹೆಚ್ಚು ನೆಲಗಡಲೆ ಹಾಕುವವನು ಅವನೇ, ಹಲಗೆ ಬೇಗ ಬೀಳಲಿ ಅಂತ ಅತಿ ಹೆಚ್ಚು ಕೂಗುವವನೂ ಅವನೇ. ಹಾಗಾದರೆ ಹೋದ ವರ್ಷ, ಅದರ ಹಿಂದಿನ ವರ್ಷ ನೀರು ನೋಡಿದ್ದು ಯಾರು ಅಂತ ಕೇಳಿದ.

“ಕಾಳಿ,” ಅಂದ ಕುಷ್ಟ.

ಕೆಲವರು ಭಕ್ತಿಯಿಂದ ಕೈ ಮುಗಿದರು. ಅದು ದೇವಿ ಅಲ್ಲ, ನಮ್ಮ ಹಟ್ಟಿಯ ಎಮ್ಮೆ ಅಂತ ಕುಷ್ಟ ತಿದ್ದಬೇಕಾಯಿತು. ಆಮೇಲೆ ತಡೆಯಲಿಲ್ಲ. ಜ್ವರ, ಆನೆಗುಡ್ಡೆ, ಎಮ್ಮೆ, ಆಡು, ಕಣ್ಣಿಗೆ ಬಿಟ್ಟುಕೊಂಡ ನೀರು, ಎಲ್ಲವನ್ನೂ ಮೊಳಕಾಲುದ್ದದ ನೀರಲ್ಲಿ ನಿಂತು ಒಪ್ಪಿಸಿದ. ಅರ್ಧ ಜನ ನಕ್ಕರು, ಅರ್ಧ ಜನ ಬೈದರು, ಅತಿಥಿಗಳು ಇದೂ ಕಾರ್ಯಕ್ರಮದ ಭಾಗವಿರಬೇಕೆಂದು ಚಪ್ಪಾಳೆ ತಟ್ಟಿದರು. ಎಲ್ಲ ಹೇಳಿ ಮುಗಿದಾಗ ಕುಷ್ಟನಿಗೆ ಮೈ ಹಗುರಾಯಿತು. ಅದರ ಹಿಂದೆಯೇ, ಇನ್ನು ಊರಲ್ಲಿ ತಾನು ಯಾರು ಎಂಬ ದುಃಖ ಬಂತು.

ನಗದೆ, ಬೈಯದೆ ನಿಂತವಳು ಜಲಜ. ತನಗೆ ಇದು ಯಾವತ್ತೋ ಗೊತ್ತಿತ್ತು ಅಂದಳು. ಮೊದಲೆಲ್ಲ ಕುಷ್ಟಣ್ಣ ಅವಳ ಬುಟ್ಟಿಯಲ್ಲಿ ಇಪ್ಪತ್ತು ಮೀನು ಎತ್ತಿ ಇಳಿಸಿ ಎರಡು ಆರಿಸುತ್ತಿದ್ದರು, ಒಂದು ದಿನ ಹೆಚ್ಚು ಐಸಿನಲ್ಲಿದ್ದ ಬಂಗುಡೆಯನ್ನು ಮರುದಿನ ಅವಳ ಮುಖಕ್ಕೇ ಹಿಡಿಯುತ್ತಿದ್ದರು. ಎರಡೂವರೆ ವರ್ಷದಿಂದ ಒಂದು ತಕರಾರಿಲ್ಲ. ಹಾಗಾಗಿ ಉಳಿದ ಮೀನನ್ನೆಲ್ಲ ಅವಳು ಅವರ ಮನೆಗೇ ಹಾಕುತ್ತಿದ್ದಳು. ಇಷ್ಟು ಹೇಳಿ, ಸುಂದರಿಯಕ್ಕ ಮೀನು ತಿನ್ನುವುದಿಲ್ಲ ಅಂತ ಗೊತ್ತಿದ್ದೇ ಹಾಕಿದ್ದು, ಅಷ್ಟು ಧರ್ಮ ನನ್ನಲ್ಲೂ ಇದೆ ಅಂತ ಸೇರಿಸಿದಳು. ಕುಷ್ಟ ಮೆಟ್ಟಿಲ ಮೇಲೆ ಕೂತುಬಿಟ್ಟ.

ಈಗ ನೀರು ನೋಡುವುದು ಯಾರು? ಎಲ್ಲರೂ ನೋಡೋಣ ಅಂತ ರವಿಚಂದ್ರ ಪ್ರಜಾಪ್ರಭುತ್ವ ತೆಗೆದ. ನಾಲ್ಕು ಜನ ಗದ್ದೆಯವರು ಕುಡಿದು ಎಳನೀರಿನ ಹಾಗಿದೆ ಅಂದರು. ನಾಲ್ಕು ಜನ ಮೀನಿನವರು ಅದೇ ನೀರು ಕುಡಿದು ಉಪ್ಪಿನಕಾಯಿಯ ಭರಣಿ ಅಂದರು. ಎಂಟು ನಾಲಗೆಗೂ ರುಚಿ ಗೊತ್ತಿತ್ತು, ಎಂಟೂ ತಮ್ಮ ತಮ್ಮ ಹೊಟ್ಟೆಯ ಮಾತು ಕೇಳಿದವು.

ಆಗ ಜಲಜ ಸುಂದರಿಯ ಕಡೆ ಕೈ ತೋರಿಸಿದಳು. ನಾಲಗೆಯ ಮಾತು ಬಿಡಿ, ಹಿಂದಿನವರು ಈ ಮನೆಗೆ ಕೆಲಸ ಕೊಟ್ಟದ್ದು ಬಾವಿ ನೋಡಿ ಅಂತ ನನ್ನ ಅಜ್ಜಿ ಹೇಳುತ್ತಿದ್ದಳು. ಆ ಬಾವಿಯಿಂದ ದಿನಕ್ಕೆ ಮೂವತ್ತು ಕೊಡ ಸೇದುವವಳು ಇವಳು. ಮೇಲಾಗಿ ಎರಡೂವರೆ ವರ್ಷದಿಂದ ಉಪ್ಪು ಮುಟ್ಟದವಳು. ದಿನಾ ಉಪ್ಪು ತಿನ್ನುವ ನಮ್ಮ ಬಾಯಿಗೆ ತಿಳಿಯದ್ದು ಅವಳ ಬಾಯಿಗೆ ತಿಳಿದೀತು ಅಂದಳು. ಎರಡೂ ದಂಡೆಯಿಂದ ಹೌದು ಹೌದು ಅನ್ನುವುದು ಕೇಳಿತು. ಶೀನನಿಗೆ ಮಾತ್ರ ಸಮಾಧಾನವಾಗಲಿಲ್ಲ. ಗಂಡಸರು ಮಾಡಿಕೊಂಡು ಬಂದ ಕ್ರಮ, ಹೆಂಗಸರು ನೀರು ನೋಡುವುದು ಎಲ್ಲಾದರೂ ಉಂಟೇ ಅಂದ.

“ಶೀನಣ್ಣ,” ಅಂದಳು ಜಲಜ, “ಎರಡ್ ವರ್ಷ ಊರಿಗ್ ನೀರ್ ಕಂಡ್ ಕೊಟ್ಟದ್ದ್ ಎಮ್ಮಿ. ಅದೆಂತ ಗಂಡಾ?”

ಸುಂದರಿ ಚೊಂಬನ್ನು ಕುಷ್ಟನ ಕೈಗೆ ಕೊಟ್ಟು, ಸೀರೆ ಎತ್ತಿ ಸಿಕ್ಕಿಸಿ ನೀರಿಗಿಳಿದಳು. ಮೂರು ಬೊಗಸೆ ಎಲ್ಲ ಬೇಕಾಗಲಿಲ್ಲ. ಒಂದನ್ನು ಬಾಯಿಗೆ ಹಾಕಿ, ಸ್ವಲ್ಪ ಹೊತ್ತು ಇಟ್ಟುಕೊಂಡು, ಉಗುಳಿ ಹೇಳಿದಳು.

“ಉಪ್ಪಿತ್ತ್. ಸ್ವಲ್ಪವೇ, ಆರೆ ಇತ್ತ್. ಇವತ್ತ್ ಹಲ್ಗಿ ಹಾಕುದ್ ಬ್ಯಾಡ.”

ಕೆಳಗಿನ ದಂಡೆಯವರು ಗೆದ್ದೆವೆಂದು ಕೂಗುವಷ್ಟರಲ್ಲಿ ಶೀನ ಪರೀಕ್ಷೆ ಒಡ್ಡಿದ. ಚಾದ ಮೇಜಿನ ಮೇಲಿದ್ದ ಒಂದು ಲೋಟ ನೀರು ತಂದು, ಇದನ್ನು ನೋಡಿ ಹೇಳು ಅಂದ. ಸುಂದರಿ ಗುಟುಕರಿಸಿ, ಇದರಲ್ಲೂ ಇದೆ ಅಂದಳು. ಶೀನ ಹೊಟ್ಟೆ ಹಿಡಿದು ನಕ್ಕ. ಅದು ಬೆಳಗ್ಗೆ ತಾನು ಚಾಕ್ಕೆಂದು ತನ್ನ ಬಾವಿಯಿಂದ ಸೇದಿ ತಂದ ನೀರು, ನೋಡಿ ಈ ನಾಲಗೆಯ ಯೋಗ್ಯತೆ ಅಂತ ಊರಿಗೆಲ್ಲ ಸಾರಿದ. ಅವನ ನಗು ಮುಗಿಯುವ ಮೊದಲೇ ಹೆಂಗಸರ ಸಾಲಿನಿಂದ ಅವನ ಹೆಂಡತಿ ವನಜ ಎದ್ದು ನಿಂತಳು.

“ಎಂಟ್ ದಿನದಿಂದ ಬ್ಯಾಳಿ ಬೇಯ್ತಿಲ್ಲ, ಬಾವಿ ನೀರ್ ಸಮ ಇಲ್ಲ ಅಂದ್ ನಾ ಬಡ್ಕಂತಿದ್ದೆ. ಗ್ಯಾಸ್ ಸಮ ಇಲ್ಲ ಅಂದ್ ನಂಗೇ ಬೈದದ್ದ್ ಯಾರ್?”

ಶೀನ ಲೋಟವನ್ನು ತೆಗೆದುಕೊಂಡು ಒಮ್ಮೆ ಕುಡಿದ, ಇನ್ನೊಮ್ಮೆ ಕುಡಿದ, ಆಮೇಲೆ ಯಾರ ಮುಖವನ್ನೂ ನೋಡದೆ ಶಾಮಿಯಾನದ ಹಿಂದೆ ಹೋದ. ನೆಲಗಡಲೆಗೆಂದು ಪಂಪು ಇಟ್ಟು ತಳ ಕಾಣಿಸಿದ ಅವನ ಬಾವಿಗೆ, ಕುಷ್ಟನ ಬಾವಿಗಿಂತಲೂ ಮೊದಲೇ, ಕಡಲು ಬಂದು ಹೋಗಿತ್ತು. ಇವತ್ತು ಹಲಗೆ ಹಾಕಿದ್ದರೆ ಅಲ್ಲೇ ಬಿಡಾರ ಹೂಡುತ್ತಿತ್ತು. ಗದ್ದೆಯವರು ಒಬ್ಬೊಬ್ಬರಾಗಿ ಹಲಗೆಗಳನ್ನು ಎತ್ತಿ ಮತ್ತೆ ಶೆಡ್ಡಿಗೆ ಸಾಗಿಸಿದರು. ಅತಿಥಿಗಳು ನೆಲದ ಮೇಲೆ ಉಳಿದ ಒಂದು ಹಲಗೆಗೆ ಕೈ ಹಚ್ಚಿ ಫೋಟೋ ಹೊಡೆಸಿಕೊಂಡು, ಅವಲಕ್ಕಿ ತಿಂದು ಹೋದರು. ಕೆಳಬೈಲಿನ ಕಟ್ಟಕ್ಕೆ ಹಲಗೆ ಬಿತ್ತೆಂದು ಮರುದಿನ ಪೇಪರಿನಲ್ಲಿ ಬಂತು.

ಮನೆಗೆ ಬಂದು ಕುಷ್ಟ ಖಾಲಿ ಹಟ್ಟಿಯ ಮುಂದೆ ಕೂತ. ಸುಂದರಿ ಗಂಜಿ ಬಡಿಸಿ ಕರೆದಳು. ಬಟ್ಟಲಿನ ಮುಂದೆ ಕೂತವನು ಈ ಸಲ ಕಣ್ಣು ಮುಚ್ಚಲಿಲ್ಲ, ತಲೆದೂಗಲಿಲ್ಲ. ಇದರಲ್ಲಿ ಉಪ್ಪಿದೆಯಾ ಅಂತ ಕೇಳಿದ. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅವನು ಹೆಂಡತಿಯ ಹತ್ತಿರ ರುಚಿಯ ವಿಷಯದಲ್ಲಿ ಕೇಳಿದ ಮೊದಲ ಪ್ರಶ್ನೆ ಅದು.

“ಇಲ್ಲ. ಎರಡೂವರಿ ವರ್ಷದಿಂದ ಹಾಕ್ತಿಲ್ಲ,” ಅಂದಳು ಸುಂದರಿ. “ನೀವ್ ದಿನಾ ಫಸ್ಟ್ ಕ್ಲಾಸ್ ಅಂತಿದ್ರಿ. ಗೊತ್ತಾಗ್ದೆ ಇಪ್ಪುಕೆ ನಾ ಎಂತ ಹೆಡ್ಡಿಯಾ?”

ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಅಂತ ಕುಷ್ಟ ಗೊಣಗಿದ. ಸುಂದರಿ ಸೌಟನ್ನು ಪಾತ್ರೆಯಲ್ಲಿಟ್ಟು ಅವನ ಎದುರು ಕೂತಳು. ಹೊಳೆಯ ಹತ್ತಿರ ಎಮ್ಮೆಯ ಜೊತೆ ಅವನು ಕೂರುತ್ತಿದ್ದ ಜಾಗ ಬಾವಿಕಟ್ಟೆಯಿಂದ ಕೂಗಳತೆಯಲ್ಲೇ ಇತ್ತು. ಬೆಳಗ್ಗೆ ನೀರು ಸೇದುವಾಗ ಅವನ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಇವತ್ತಲ್ಲ ನಾಳೆ ತನ್ನ ಹತ್ತಿರವೂ ಹೇಳುತ್ತಾರೆ ಅಂತ ಎರಡು ಡಿಸೆಂಬರ್ ಕಾದಳು.

“ಕಾಳಿನ ಮಾರದ್ದ್ ಮಂಡಿ ನೋವಿಗಲ್ಲ,” ಅಂದಳು. “ಒಂದ್ ಮಾತ್ ನಂಗೆ ಹೇಳುಕೆ ಆಯಿಲ್ಲ ನಿಮ್ಗೆ. ಎಮ್ಮಿಗ್ ಹೇಳದ್ರಿ.”

ಕುಷ್ಟ ತಲೆ ತಗ್ಗಿಸಿ ಗಂಜಿ ಉಂಡ. ಊರೆದುರು ನೀರಲ್ಲಿ ನಿಂತು ಹೇಳಿಕೊಂಡಾಗ ಆಗದ ನಾಚಿಕೆ ಈ ಅಡುಗೆಮನೆಯಲ್ಲಿ ಆಯಿತು. ಬಟ್ಟಲು ಖಾಲಿ ಮಾಡಿ, ತಾನೇ ತೊಳೆದು ಕವುಚಿಟ್ಟ.

ಅಷ್ಟಮಿಗೆ ಭರತದ ಜೋರು ಇಳಿಯಿತು. ಈ ಸಲ ಶಾಮಿಯಾನ ಇಲ್ಲ, ಮೈಕು ಇಲ್ಲ, ರವಿಚಂದ್ರ ಪಂಚೆ ಮೇಲೆ ಕಟ್ಟಿ ಮಣ್ಣಿನ ಬುಟ್ಟಿಯ ಪಕ್ಕ ನಿಂತಿದ್ದ. ಜಲಜ ಬೆಳಗ್ಗಿನ ಮೀನು ಮಾರಿ ಬಂದಿದ್ದಳು. ಅವತ್ತು ಕುಷ್ಟನ ಮನೆಗೆ ಕೊಟ್ಟದ್ದು ತಾಜಾ ಬಂಗುಡೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಸುಂದರಿ ಮುಂದೆ ಇಳಿದಳು. ಬಾವಿಯ ನೀರಿನ ಚೊಂಬು ಹಿಡಿದುಕೊಂಡು ಅವಳ ಹಿಂದೆ ಇಳಿದವನು ಕುಷ್ಟ. ಚೊಂಬು ಇಷ್ಟು ಭಾರ ಇರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ.

ಸುಂದರಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ನಿಂತಳು. ಎರಡು ದಂಡೆಯವರೂ ಕಾದರು. ಕುಷ್ಟ ಒಂದು ಮೆಟ್ಟಿಲು ಇಳಿದು, ಅವಳಿಗೆ ಮಾತ್ರ ಕೇಳುವ ಹಾಗೆ ಕೇಳಿದ.

“ಹ್ಯಾಂಗಿತ್ತ್?”

ಸುಂದರಿ ನೀರನ್ನು ನುಂಗಿದಳು. “ಚಪ್ಪೆ,” ಅಂದಳು. “ನಮ್ಮನಿ ಗಂಜಿ ಹಾಂಗೆ.”

ಕುಷ್ಟ ಅವಳ ಬೊಗಸೆಗೆ ಬಾವಿಯ ನೀರು ಹನಿಸಿದ. ಆಮೇಲೆ ಮೇಲೆ ತಿರುಗಿ, ಹಲಗೆ ಇಳಿಸಿ ಅಂತ ಕೂಗಿ ಹೇಳಿದ.